ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿಷಯಗಳಲ್ಲಿ ಪಿಎಚ್.ಡಿ. ನಂತರದ ಸಂಶೋಧನಾ ಫೆಲೋಶಿಪ್: ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ
ಪಿಎಚ್.ಡಿ. ಪದವೀಧರರು ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ, ಮಾರ್ಗದರ್ಶಕರ ಅಧೀನದಲ್ಲಿ, ನಿಗದಿತ ಅವಧಿಗೆ ಕೈಗೊಳ್ಳುವ ಸಂಶೋಧನೆಗೆ ಮಾಸಿಕ ಧನಸಹಾಯ ನೀಡಲಾಗುತ್ತದೆ. ಇದು ಖಾಯಂ ಹುದ್ದೆಯಲ್ಲ. ಆದರೆ ಮುಂದೆ ವಿಜ್ಞಾನಿ ಅಥವಾ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಸಲ್ಲಿಸುವಾಗ ಈ ಅನುಭವವು ಸಹಾಯಕವಾಗುತ್ತದೆ.

ಪ್ರಮುಖ ಯೋಜನೆಗಳು
1. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್: 2023ರ ಕಾಯ್ದೆಯನ್ವಯ ರಚಿತವಾದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಇದನ್ನು ನೀಡುತ್ತದೆ. ಹಿಂದೆ ಇದನ್ನು ನೀಡುತ್ತಿದ್ದ ‘ಸರ್ಬ್’ ಮಂಡಳಿಯು ಈ ಪ್ರತಿಷ್ಠಾನದಲ್ಲಿ ವಿಲೀನಗೊಂಡಿದೆ. ಅವಧಿ 2 ವರ್ಷ.
2. ಸಿ.ಎಸ್.ಐ.ಆರ್. ರಿಸರ್ಚ್ ಅಸೋಸಿಯೇಟ್‌ಶಿಪ್.
3. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್.
4. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್: ಭಾರತೀಯರೂ ಅರ್ಹರು. ಪಿಎಚ್.ಡಿ. ನಂತರದ ಸಂಶೋಧನಾ ಅನುಭವ 8 ವರ್ಷ ಮೀರಿರಬಾರದು.

ತೆಂಗಿಗೆ ಸಂಬಂಧಿಸಿದ ವಿಷಯಗಳು
ಈ ಭಾಗದ ತೋಟಗಳನ್ನು ಬಾಧಿಸುವ ನುಸಿ ಪೀಡೆ, ಕಪ್ಪು ತಲೆ ಹುಳು ಹಾಗೂ ಅಣಬೆ ರೋಗಗಳು ಸಂಶೋಧನೆಗೆ ಯೋಗ್ಯವಾದ ವಿಷಯಗಳಾಗಿವೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಕೀಟಗಳ ಜೈವಿಕ ನಿಯಂತ್ರಣಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಕೊಬ್ಬರಿ ಮತ್ತು ತೆಂಗಿನ ಆಹಾರೋತ್ಪನ್ನಗಳಿಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇವುಗಳನ್ನು ಸಂಪರ್ಕಿಸಬಹುದು. ಇಂತಹ ಸಂಸ್ಥೆಗಳು ತಮ್ಮ ಯೋಜನೆಗಳಿಗೆ ರಿಸರ್ಚ್ ಅಸೋಸಿಯೇಟ್‌ಗಳನ್ನು ನೇರ ಸಂದರ್ಶನದ ಮೂಲಕವೂ ಆಯ್ಕೆ ಮಾಡುತ್ತವೆ. ಪ್ರಕಟಣೆಗಳನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ನೋಡತಕ್ಕದ್ದು.

ವಯೋಮಿತಿ ಮತ್ತು ಪ್ರಮಾಣ ಪತ್ರ
ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಗರಿಷ್ಠ ವಯೋಮಿತಿ 35 ವರ್ಷ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ, ಮಹಿಳೆಯರು ಮತ್ತು ವಿಕಲಚೇತನರಿಗೆ 5 ವರ್ಷ ಸಡಿಲಿಕೆ ಇದೆ.

ವಿಶೇಷವಾಗಿ ಗಮನಿಸಬೇಕಾದ ಅಂಶ: ರಾಜ್ಯದ ಪ್ರವರ್ಗ-1, 2ಎ, 3ಎ, 3ಬಿ ಪ್ರಮಾಣ ಪತ್ರವು ಕೇಂದ್ರದ ಯೋಜನೆಗಳಿಗೆ ಸಾಲದು. ಕೇಂದ್ರದ ಪಟ್ಟಿಯಲ್ಲಿ ತಮ್ಮ ಜಾತಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಂಡು, ಕೇಂದ್ರದ ನಮೂನೆಯ ಪ್ರಮಾಣ ಪತ್ರಕ್ಕೆ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. 35 ವರ್ಷ ದಾಟಿದ ಅಭ್ಯರ್ಥಿಗೆ ಈ ಒಂದು ಪತ್ರವಿಲ್ಲದಿದ್ದರೆ ಸಡಿಲಿಕೆಯ ಲಾಭ ಕೈತಪ್ಪಬಹುದು.

ಅನುಸರಿಸಬೇಕಾದ ಕ್ರಮ
1. ಅಧಿಸೂಚನೆಗಾಗಿ ಕಾಯದೆ ಮಾರ್ಗದರ್ಶಕರನ್ನು ಮೊದಲೇ ಗುರುತಿಸುವುದು. ಅಧಿಸೂಚನೆ ಹೊರಬಿದ್ದ ಮೇಲೆ ಹುಡುಕತೊಡಗಿದರೆ ಸಮಯ ಸಾಲುವುದಿಲ್ಲ.
2. ಅವರ ಇತ್ತೀಚಿನ ಪ್ರಬಂಧಗಳನ್ನು ಓದಿ, ತಮ್ಮ ವಿಷಯ ಹೇಗೆ ಹೊಂದುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಇ-ಮೇಲ್ ಮಾಡುವುದು. ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಕಳುಹಿಸುವುದು ಸೂಕ್ತವಲ್ಲ.
3. ಒಪ್ಪಿಗೆ ದೊರೆತ ನಂತರ ಸಂಶೋಧನಾ ಪ್ರಸ್ತಾವನೆಯನ್ನು ಅವರೊಡನೆ ಚರ್ಚಿಸಿ ಸಿದ್ಧಪಡಿಸುವುದು.
4. ಪದವಿ ಅಥವಾ ತಾತ್ಕಾಲಿಕ ಪದವಿ ಪ್ರಮಾಣ ಪತ್ರ, ಜನ್ಮ ದಿನಾಂಕದ ದಾಖಲೆ, ಪ್ರಕಟಿತ ಪ್ರಬಂಧಗಳ ಪಟ್ಟಿ ಮತ್ತು ಸಂಸ್ಥೆಯ ಅನುಮೋದನಾ ಪತ್ರ ಸಿದ್ಧವಿಟ್ಟುಕೊಳ್ಳುವುದು.

ಸೂಚನೆ: ಧನಸಹಾಯದ ಮೊತ್ತ ಮತ್ತು ಕೊನೆಯ ದಿನಾಂಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯೇ ಅಂತಿಮ. ಫೆಲೋಶಿಪ್ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡತಕ್ಕದ್ದಲ್ಲ.