‘ಸಲೈನ್ ಹಚ್ಚಾಕ ಥಿಯರಿ ಯಾಕ ಬೇಕ್ರಿ?’: ವಾರ್ಡಿನಲ್ಲಿ ನಿಂತು ನೋಡುವ ನರ್ಸಿಂಗ್ ಸಿದ್ಧಾಂತ

ನರ್ಸಿಂಗ್ ಓದುವವರಿಗೆ ಥಿಯರಿ ಅಂದ್ರೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಹೆಸರುಗಳು: ನೈಟಿಂಗೇಲ್, ಹೆಂಡರ್ಸನ್, ಓರೆಮ್, ರಾಯ್. ಗದಗ-ಬೆಟಗೇರಿಯಲ್ಲಿ ನಾನು ಪಾಠ ಮಾಡುವ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ, "ಸಲೈನ್ ಹಚ್ಚಾಕ ಥಿಯರಿ ಯಾಕ ಬೇಕ್ರಿ ಮೇಡಂ?" ಸಲೈನ್ ಹಚ್ಚೋಕೆ ಬೇಡ. ಮುಂದೆ ಮಲಗಿರುವ ಮನುಷ್ಯನಲ್ಲಿ ಏನನ್ನು ನೋಡಬೇಕು, ಯಾವುದನ್ನು ಬರೆದಿಡಬೇಕು ಅಂತ ತೀರ್ಮಾನಿಸೋಕೆ ಬೇಕು. ಡಾಕ್ಟರು ರೋಗ ಹುಡುಕುತ್ತಾರೆ. ನರ್ಸ್ ಏನು ಹುಡುಕಬೇಕು ಅನ್ನೋದಕ್ಕೆ ಕೊಟ್ಟ ಉತ್ತರಗಳೇ ಈ ಸಿದ್ಧಾಂತಗಳು.

ಫ್ಲಾರೆನ್ಸ್ ನೈಟಿಂಗೇಲ್ ಅಂದ್ರೆ ನಮಗೆ ದೀಪ ಹಿಡಿದ ತಾಯಿ. ಆ ಚಿತ್ರ ಆಕೆಗೆ ಮಾಡಿದ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಹೆಚ್ಚು ಸೈನಿಕರನ್ನು ಕೊಂದಿದ್ದು ತಡೆಯಬಹುದಾಗಿದ್ದ ರೋಗಗಳು ಅಂತ 1858ರಲ್ಲಿ ಅಂಕಿಅಂಶಗಳ ಚಿತ್ರ ಬರೆದು ಸರ್ಕಾರದ ಮುಂದಿಟ್ಟವಳು ಆಕೆ. ಮರುವರ್ಷದ ಪುಸ್ತಕದಲ್ಲಿ ಮನೆಯ ಆರೋಗ್ಯಕ್ಕೆ ಐದು ಅಗತ್ಯ ಹೇಳಿದಳು: ಶುದ್ಧ ಗಾಳಿ, ಶುದ್ಧ ನೀರು, ಸರಿಯಾದ ಚರಂಡಿ, ಸ್ವಚ್ಛತೆ, ಬೆಳಕು. ಮುಂಡರಗಿ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರೋದು ಹಳೇ ಸುದ್ದಿ. ಅಲ್ಲಿಂದ ಮೊಣಕಾಲು ನೋವು ಅಂತ ಬಂದವರಿಗೆ ಗುಳಿಗೆ ಕೊಟ್ಟು ಕಳಿಸಬಹುದು. "ಯಾವ ನೀರು ಕುಡೀತೀರಿ? ನದಿ ನೀರೋ, ಬೋರ್ ನೀರೋ?" ಅಂತ ಕೇಳಿ ಕೇಸ್ ಶೀಟಿನಲ್ಲಿ ಬರೆಯಲೂಬಹುದು. ಕೇಳಲು ಹಚ್ಚುವುದೇ ಥಿಯರಿ. ನೂರು ಕೇಸ್ ಶೀಟುಗಳ ಉತ್ತರ ಕೂಡಿಸಿ ಊರುವಾರು ಹೋಲಿಸಿದರೆ ಅದು ಸಂಶೋಧನೆಯ ಮೊದಲ ಹೆಜ್ಜೆ.

ಡೊರೊತಿಯಾ ಓರೆಮ್ 1971ರ ಪುಸ್ತಕದಲ್ಲಿ ಬೇರೆ ಪ್ರಶ್ನೆ ಇಟ್ಟರು: ರೋಗಿ ತನ್ನ ಆರೈಕೆಯನ್ನು ತಾನೇ ಎಷ್ಟು ಮಾಡಿಕೊಳ್ಳಬಲ್ಲರು, ಎಲ್ಲಿ ಕೊರತೆ ಬೀಳುತ್ತೆ? ಆ ಕೊರತೆಯಷ್ಟೇ ನರ್ಸ್ ತುಂಬಬೇಕು. ಕೆಲವರಿಗೆ ಎಲ್ಲವನ್ನೂ ಮಾಡಬೇಕು, ಕೆಲವರಿಗೆ ಅರ್ಧ, ಇನ್ನು ಕೆಲವರಿಗೆ ಕಲಿಸಿ ಬೆನ್ನಿಗೆ ನಿಂತರೆ ಸಾಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿರಹಟ್ಟಿ ಕಡೆಯ ಕೂಲಿ ಹೆಣ್ಣುಮಗಳು, ಶುಗರ್ ಇದೆ, ಪಾದದಲ್ಲಿ ಹುಣ್ಣಾಗಿ ಅಡ್ಮಿಟ್ ಆಗಿ ಈಗ ಮನೆಗೆ ಹೊರಟಿದ್ದಾರೆ. "ದಿನಾ ಪಾದ ನೋಡ್ಕೋಬೇಕು, ಬರಿಗಾಲಲ್ಲಿ ಓಡಾಡಬಾರದು" ಅಂತ ಹೇಳಿದರೆ ಪಾಠ ಮುಗಿಯಿತು. "ನನಗ ಕಣ್ಣ ಕಾಣೂದಿಲ್ರಿ ಅಕ್ಕಾರ, ಅಂಗಾಲ ಹೆಂಗ ನೋಡ್ಕೊಳ್ಳಿ? ಎರಿ ಹೊಲದಾಗ ಚಪ್ಪಲಿ ನಿಲ್ತಾವೇನ್ರಿ?" ಅಂತ ಅವರು ತಿರುಗಿ ಕೇಳಿದಾಗಲೇ ಓರೆಮ್ ಶುರು. ಕೊರತೆ ತಿಳುವಳಿಕೆಯದಲ್ಲ, ಕಣ್ಣಿನದು, ಚಪ್ಪಲಿಯದು. ಹಾಗಾದರೆ ಸಂಜೆ ಅಂಗಾಲು ನೋಡುವ ಕೆಲಸ ಮೊಮ್ಮಗಳಿಗೆ ಕಲಿಸಬೇಕು, ಡಿಸ್ಚಾರ್ಜ್ ದಿನ ಆ ಹುಡುಗಿಯನ್ನೂ ಕರೆಸಬೇಕು. ಮನೆಯವರಿಗೆ ಕಲಿಸಿದಾಗ ಆರು ತಿಂಗಳಲ್ಲಿ ಹುಣ್ಣು ಮರುಕಳಿಸುವುದು ಕಡಿಮೆಯಾಯಿತಾ? ಇದು ಗದಗಿನಲ್ಲೇ ಕೂತು ಮಾಡಬಹುದಾದ ಸಂಶೋಧನೆ.

ಆದರೆ ನಮ್ಮ ಕಾಲೇಜುಗಳ ಎಷ್ಟೋ ಪ್ರಬಂಧಗಳು ಏನು ಮಾಡುತ್ತವೆ? ಪ್ರಶ್ನಪತ್ರಿಕೆ ಕೊಡು, ಒಂದು ತಾಸು ಪಾಠ ಹೇಳು, ವಾರ ಬಿಟ್ಟು ಅದೇ ಪ್ರಶ್ನಪತ್ರಿಕೆ ಕೊಡು, ಅಂಕ ಏರಿತು, ಬೈಂಡ್ ಮಾಡಿಸು. ಎರಡನೇ ಅಧ್ಯಾಯದಲ್ಲಿ ಓರೆಮ್ ಅವರ ಚಿತ್ರವೂ ಇರುತ್ತೆ, ಬಾಣದ ಗುರುತುಗಳ ಸಮೇತ. ಹುಣ್ಣನ್ನು ಮಾತ್ರ ಯಾರೂ ಎಣಿಸಿರೋದಿಲ್ಲ. ಇದು ವಿದ್ಯಾರ್ಥಿಗಳ ಸೋಮಾರಿತನ ಅಲ್ಲ. ಆರು ತಿಂಗಳು ರೋಗಿಯ ಬೆನ್ನು ಹತ್ತೋಕೆ ಸಮಯವೂ ಇಲ್ಲ, ದುಡ್ಡೂ ಇಲ್ಲ. ಲಕ್ಷ್ಮೇಶ್ವರದಿಂದ ತಪಾಸಣೆಗೆ ಮತ್ತೆ ಗದಗಿಗೆ ಬನ್ನಿ ಅಂದರೆ ಕೂಲಿಯವರಿಗೆ ಅವತ್ತಿನ ಪಗಾರ ಹೋಯಿತು.

ಸಂಶೋಧನೆ ಗಟ್ಟಿಯಾಗಿದ್ದರೆ ಅದು ನಮ್ಮ ನಂಬಿಕೆಯನ್ನೂ ತಿದ್ದುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದಾಗ, 29 ಕ್ರಮಗಳಲ್ಲಿ ಪಾಲನೆಯಾಗುತ್ತಿದ್ದದ್ದು ಸರಾಸರಿ 10ರಿಂದ 25ಕ್ಕೆ ಏರಿತು. ಎಲ್ಲರಿಗೂ ಖುಷಿ. ಆಮೇಲೆ ಉತ್ತರಪ್ರದೇಶದ 120 ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ 2017ರಲ್ಲಿ ಬಂತು. ಕ್ರಮಗಳ ಪಾಲನೆ ಹೆಚ್ಚಿತ್ತು, ಸಾವು ಕಡಿಮೆಯಾಗಿರಲಿಲ್ಲ. ಜೊತೆಗಿದ್ದು ಕಲಿಸುವವರು ಹಿಂದೆ ಸರಿದ ಮೇಲೆ ಪಾಲನೆಯೂ ಇಳಿಯಿತು. ಪಟ್ಟಿ ಒಂದರಿಂದಲೇ ಕೆಲಸ ಆಗಲ್ಲ.

ನುರಿತ ನರ್ಸ್ ಪುಸ್ತಕದಿಂದ ಅಲ್ಲ, ಅನುಭವದಿಂದ ಹಂತಹಂತವಾಗಿ ರೂಪುಗೊಳ್ಳುತ್ತಾಳೆ ಅಂತ ಪೆಟ್ರೀಷಿಯಾ ಬೆನ್ನರ್ 1984ರಲ್ಲೇ ಬರೆದಿದ್ದರು. ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಆಗಿನ ಬಳ್ಳಾರಿ ಜಿಲ್ಲೆ. ಅಲ್ಲಿ ಮತ್ತು ಕಲಬುರಗಿಯಲ್ಲಿ, ಅನುಭವಿ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮತ್ತೆ ಮತ್ತೆ ಹೋಗಿ ಅಲ್ಲಿಯ ಸಿಸ್ಟರ್‌ಗಳ ಜೊತೆ ನಿಂತು ಕಲಿಸುವ ಪ್ರಯೋಗ ನಡೆಯಿತು. ಅಂಥ ಕೇಂದ್ರಗಳಲ್ಲಿ ಹೆರಿಗೆಯ ಸಿದ್ಧತೆ, ಸಿಬ್ಬಂದಿಯ ತಿಳುವಳಿಕೆ ಎರಡೂ ಸುಧಾರಿಸಿದ್ದು 2016ರಲ್ಲಿ ಪ್ರಕಟವಾಗಿದೆ.

ಇನ್ನು ರಾಜಕೀಯ. 2014ರಲ್ಲಿ ಲಿಂಡಾ ಐಕನ್ ತಂಡ ಯುರೋಪಿನ 9 ದೇಶಗಳ ಸುಮಾರು 300 ಆಸ್ಪತ್ರೆಗಳ ಲೆಕ್ಕ ಹಾಕಿತು: ಒಬ್ಬ ನರ್ಸ್ ಮೇಲೆ ಇನ್ನೊಬ್ಬ ರೋಗಿಯ ಹೊರೆ ಬಿದ್ದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ 7% ಹೆಚ್ಚು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಗೆ ಮೂರು ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗೆ ಐದಕ್ಕೆ ಒಬ್ಬರು. ಸ್ಟಾಫ್ ನರ್ಸ್ ಅನ್ನೋ ಹುದ್ದೆ ಈಗ ‘ಶುಶ್ರೂಷಾಧಿಕಾರಿ’ ಆಗಿದೆ, ಬೋರ್ಡೂ ಬದಲಾಗಿದೆ. ಮುಂದಿನ ಸಲ ಯಾರನ್ನಾದರೂ ನೋಡೋಕೆ ಆಸ್ಪತ್ರೆಗೆ ಹೋದಾಗ, ರಾತ್ರಿ ಪಾಳಿಯಲ್ಲಿ ಎಷ್ಟು ಮಂಚಕ್ಕೆ ಎಷ್ಟು ಸಿಸ್ಟರ್ ಇದ್ದಾರೆ ಅಂತ ಎಣಿಸಿ, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಹುದ್ದೆ ಭರ್ತಿ ಮಾಡಿ ಅಂತ ಶಾಸಕರ ಮುಂದೆ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.