ಪೂರ್ಣಯ್ಯನವರ ನಾಲೆ, ಪೊರಕೆ ಮತ್ತು ಮಳೆನೀರು

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂ ಸವಾರಿ ನೋಡಲು ನಿಲ್ಲುವವರಲ್ಲಿ ಬಹುಮಂದಿಗೆ, ಆ ರಸ್ತೆ ಒಂದು ನಾಲೆಯನ್ನು ಮುಚ್ಚಿ ಮಾಡಿದ್ದೆಂಬ ಸಂಗತಿ ತಿಳಿದಿರಲಾರದು. 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿಯ ನೀರನ್ನು ಪಟ್ಟಣಕ್ಕೆ ತರಬೇಕೆಂದು ಆ ನಾಲೆಯನ್ನು ತೋಡಿಸತೊಡಗಿದ್ದರು. ನದಿಯ ನೀರು ಬರಲಿಲ್ಲ. ಕಾಲಕ್ರಮದಲ್ಲಿ ಊರಿನ ಕೊಳೆಯೇ ಅದರಲ್ಲಿ ಹರಿಯಿತು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ (1881-1894) ಪಟ್ಟಣದ ನಡುವಣ ಭಾಗವನ್ನು ಮುಚ್ಚಿಸಿ ರಸ್ತೆ ಮಾಡಲಾಯಿತು. ಕುಡಿಯುವ ನೀರಿಗೆಂದು ತೋಡಿದ್ದು ಚರಂಡಿಯಾದ ಈ ಕಥೆಯಲ್ಲಿ ನಮಗೊಂದು ಪಾಠವಿದೆ.

1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರನ್ನೂ ಬಿಡಲಿಲ್ಲ. 1903ರಲ್ಲಿ ಮೈಸೂರು ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳು ತೆರವಾದವು, ಹೊಸ ಬಡಾವಣೆಗಳು ಎದ್ದವು. ಬೀದಿ ಗುಡಿಸುವುದು ಆರೋಗ್ಯದ ಕೆಲಸವೆಂಬ ತಿಳಿವಳಿಕೆ ನೆಲೆಗೊಂಡ ಕಾಲವದು. ಆದರೆ ಅಂದಿನ ಚಿಂತೆ ಕಸ ಮನೆಯಿಂದ ದೂರವಾಗಬೇಕೆಂಬುದಷ್ಟೇ. ಉಳಿದುದನ್ನು ಮಳೆ ಎಲ್ಲಿಗೆ ಒಯ್ಯುತ್ತದೆಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ತರಗತಿಯಲ್ಲಿ ಲೆಕ್ಕ ಹಾಕಿಸುವಂತೆ ಇದನ್ನೂ ಹಾಕಿ ನೋಡೋಣ. ನೂರು ಮೀಟರು ಉದ್ದ, ಆರು ಮೀಟರು ಅಗಲದ ಟಾರು ಬೀದಿಯ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ಆರು ಸಾವಿರ ಲೀಟರು ನೀರಾಯಿತು. ಮಣ್ಣಿನ ಬೀದಿ ಅದರಲ್ಲೊಂದಿಷ್ಟನ್ನು ಹೀರಿಕೊಳ್ಳುತ್ತಿತ್ತು, ಟಾರು ಹೀರುವುದಿಲ್ಲ. ಟೈರಿನ ಪುಡಿ, ಎಂಜಿನ್ನಿನ ಎಣ್ಣೆ, ಬ್ರೇಕಿನಿಂದ ಉದುರಿದ ಲೋಹದ ಕಣ, ಸಗಣಿ, ಕೊಳೆತ ಎಲೆ ಇವೆಲ್ಲವೂ ಮೊದಲ ನೀರಿನೊಡನೆ ಹೊರಡುತ್ತವೆ. ಮನೆಯ ಒಳಚರಂಡಿಯ ನೀರಿಗಾದರೂ ಶುದ್ಧೀಕರಣ ಘಟಕವಿರುತ್ತದೆ. ಮಳೆನೀರಿನ ಚರಂಡಿ ಸಾಮಾನ್ಯವಾಗಿ ನೇರವಾಗಿ ಕೆರೆಗೋ ಹೊಳೆಗೋ ಸೇರುತ್ತದೆ.

ಹಾಗಾದರೆ ಪೊರಕೆಯಿಂದ ಹೊಳೆಯನ್ನು ಕಾಯಲಾದೀತೆ? ಅಮೆರಿಕದಲ್ಲಿ 1972ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೀದಿಯ ಧೂಳಿನಲ್ಲಿ 43 ಮೈಕ್ರಾನಿಗಿಂತ ಸಣ್ಣ ಕಣಗಳು ತೂಕದಲ್ಲಿ ಸುಮಾರು ಶೇಕಡ 6 ಮಾತ್ರವಾದರೂ ಭಾರಲೋಹಗಳ ಸುಮಾರು ಅರ್ಧ ಪಾಲು ಅವುಗಳಲ್ಲೇ ಇದೆಯೆಂದು ತೋರಿಸಿತು. ಅಂದಿನ ಯಂತ್ರಗಳ ಪೊರಕೆ ಕಣ್ಣಿಗೆ ಕಾಣುವ ಕಸವನ್ನು ಎತ್ತಿ, ಈ ನಯವಾದ ಧೂಳನ್ನು ಬಿಟ್ಟುಹೋಗುತ್ತಿತ್ತು. 1983ರ ರಾಷ್ಟ್ರಮಟ್ಟದ ವರದಿ ಗುಡಿಸುವುದರಿಂದ ಮಳೆನೀರಿಗೆ ಹೆಚ್ಚಿನ ಲಾಭವಿಲ್ಲವೆಂದೇ ಹೇಳಿತು. ಮುಂದೆ ಧೂಳನ್ನು ಹೀರುವ ಯಂತ್ರಗಳು ಬಂದ ಮೇಲೆ ಆ ಅಭಿಪ್ರಾಯದ ಮರುಪರಿಶೀಲನೆ ನಡೆಯಿತು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಬಡಾವಣೆಯೊಂದರಲ್ಲಿ ಉದುರಿದ ಎಲೆಗಳನ್ನು ಮಳೆಗೆ ಮುನ್ನ ಎತ್ತಿದಾಗ, ಎಲೆಯುದುರುವ ಋತುವಿನ ಮಳೆನೀರಿನಲ್ಲಿ ರಂಜಕ ಶೇಕಡ 84ರಷ್ಟು ಇಳಿಯಿತೆಂದು 2016ರಲ್ಲಿ ವರದಿಯಾಯಿತು. ಗುಡಿಸುವುದಷ್ಟೇ ಸಾಲದು, ಮಳೆಗೆ ಮುನ್ನ ಎತ್ತಿ ಸಾಗಿಸಬೇಕು ಎಂಬುದೇ ಇದರ ತಾತ್ಪರ್ಯ.

ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ಹಂಪಾಪುರದಲ್ಲಿ ಹಿಂದೆ ಬೆಳಗಿನ ಕಸ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಅಲ್ಲಿ ಗುಡಿಸುವುದೂ ಎತ್ತುವುದೂ ಒಂದೇ ಕೆಲಸವಾಗಿತ್ತು. ಈಗಿನ ಕಸದಲ್ಲಿ ಪ್ಲಾಸ್ಟಿಕ್ಕಿದೆ. ಅದನ್ನು ಹೊಲ ಒಲ್ಲದು. ಬಾಗಿಲ ಮುಂದಿನದನ್ನು ಚರಂಡಿಗೆ ತಳ್ಳಿದರೆ ಅಂಗಳವೇನೋ ಶುಚಿಯಾಗಿ ಕಾಣುತ್ತದೆ. ಆದರೆ ನಮ್ಮ ಸೀಮೆಯ ನೀರೆಲ್ಲ ಕಪಿಲೆಯ ಕಡೆಗೆ ಇಳಿಯುವಂಥದು. ಕೆಳಗೆ ನಂಜನಗೂಡಿನ ಸ್ನಾನಘಟ್ಟವಿದೆ, ಅದರಾಚೆ ತಿರುಮಕೂಡಲಿನ ಸಂಗಮವಿದೆ. ನಾವು ತಳ್ಳಿದ್ದರಲ್ಲೇ ಇನ್ನೊಬ್ಬರು ಮಿಂದೇಳುತ್ತಾರೆ.

ಕೇಂದ್ರ ಸರ್ಕಾರದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು 2015ರಲ್ಲಿ 476 ನಗರಗಳ ನಡುವೆ, 2016ರಲ್ಲಿ 73 ನಗರಗಳ ನಡುವೆ ಮೊದಲ ಸ್ಥಾನ ಪಡೆಯಿತು. ಆ ಗೌರವದ ದೊಡ್ಡ ಪಾಲು ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕರದು. ರಾಜ್ಯದಲ್ಲಿ ಸೆಪ್ಟೆಂಬರ್ 23 ಅವರ ದಿನ. ಅದರ ಆಸುಪಾಸಿನಲ್ಲೇ ದಸರಾ, ಬೆನ್ನಿಗೇ ಅಕ್ಟೋಬರಿನ ಮಳೆ. ಅವರು ರಾಶಿ ಮಾಡಿದ ಕಸವನ್ನು ಮೋಡ ಕವಿಯುವ ಮೊದಲೇ ಸಾಗಿಸುವ ಗಾಡಿ, ಕೈಗೆ ಗವಸು, ಹೊತ್ತಿಗೆ ಸರಿಯಾದ ಸಂಬಳ ಇವಿಷ್ಟನ್ನು ಒದಗಿಸುವುದು ಊರಿನ ಧರ್ಮ. ಅಷ್ಟನ್ನೂ ಮಾಡದೆ ಹೊಳೆ ಕೆಟ್ಟಿತೆಂದು ಮರುಗುವುದರಲ್ಲಿ ಅರ್ಥವಿಲ್ಲ. ಒಂದು ನಾಲೆಯನ್ನೇನೋ ಮುಚ್ಚಿ ರಸ್ತೆ ಮಾಡಿದೆವು. ಕಪಿಲೆಯನ್ನು ಹಾಗೆ ಮುಚ್ಚಲಾಗದು.