ಸಿಂಪ್ಯೂಟರ್ ಹೋಯ್ತು, ಧ್ವನಿ ಉಳೀತು

ಭಾಗ 1: ಕಿಸೆಗೆ ಹಿಡಿಸೋ ಕಂಪ್ಯೂಟರ್

ಐಪ್ಯಾಡ್ ಬಂದಿದ್ದು 2010ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲು, 2001ರಲ್ಲಿ, ನಮ್ಮ ಬೆಂಗಳೂರಲ್ಲೇ ಅಂಗೈ ಅಗಲದ ಒಂದು ಟಚ್‌ಸ್ಕ್ರೀನ್ ಕಂಪ್ಯೂಟರ್ ತಯಾರಾಗಿತ್ತು ಅಂದ್ರೆ ನಂಬ್ತೀರಾ? ಹೆಸರು ಸಿಂಪ್ಯೂಟರ್. ಕೀಬೋರ್ಡ್ ಇಲ್ಲ, ಸಣ್ಣ ಕಡ್ಡಿಯಿಂದ ಪರದೆ ಮುಟ್ಟಿದ್ರೆ ಸಾಕು. ಓದು ಬರಹ ಬಾರದವರಿಗೆ ಅದೇ ಗಟ್ಟಿಯಾಗಿ ಓದಿ ಹೇಳಬೇಕು, ಅದೂ ಅವರವರ ಭಾಷೆಯಲ್ಲಿ. ಇದು ಅದನ್ನ ಮಾಡಿದವರ ಆಸೆ.

ಮಾಡಿದವರು ಯಾರು? ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್. ಇವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಸಂಗಡಿಗರು. ಎಲ್ಲರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದ್ರು.

ಇನ್ನೊಂದು ಚಂದದ ವಿಷಯ ಇದೆ. ಯಂತ್ರಕ್ಕೆ ಸ್ಮಾರ್ಟ್ ಕಾರ್ಡ್ ಹಾಕೋ ಜಾಗ ಇತ್ತು. ಪ್ರತಿಯೊಬ್ಬರಿಗೂ ಒಂದು ಕಾರ್ಡ್, ಊರಿಗೆಲ್ಲ ಒಂದೇ ಯಂತ್ರ. ಕಳಸದ ಕಡೆಯ ಒಂಟಿಮನೆಗಳಂಥ ಜಾಗಕ್ಕೆ ಹೇಳಿ ಮಾಡಿಸಿದಂಥ ಯೋಚನೆ, ಅಲ್ವಾ?

ಭಾಗ 2: ಒಳಗಡೆ ಲಿನಕ್ಸ್

ಇದರೊಳಗೆ ಇದ್ದಿದ್ದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಓಡ್ತಿದ್ದಿದ್ದು ಲಿನಕ್ಸ್. ಲಿನಕ್ಸ್ ಯಾಕೆ? ಮೊದಲನೇದು ದುಡ್ಡು: ಒಂದೊಂದು ಯಂತ್ರಕ್ಕೂ ಲೈಸೆನ್ಸ್ ಶುಲ್ಕ ಕಟ್ಟೋದು ಬೇಡ. ಎರಡನೇದು ಕನ್ನಡ. ಮುಚ್ಚಿದ ಸಾಫ್ಟ್‌ವೇರ್ ಆಗಿದ್ರೆ ನಮ್ಮ ಭಾಷೆ ಸೇರಿಸಿ ಅಂತ ಅದರ ಮಾಲೀಕರ ಬಾಗಿಲು ಕಾಯಬೇಕು. ಸೋರ್ಸ್ ಕೋಡ್ ತೆರೆದಿದ್ರೆ ನಾವೇ ಒಳಗೆ ಹೋಗಿ ಸೇರಿಸಬಹುದು.

ಅದೇ ಕಾಲಕ್ಕೆ ಅಮೆರಿಕದ ಕಾಂಪ್ಯಾಕ್ ಕಂಪನಿ ಐಪ್ಯಾಕ್ ಅನ್ನೋ ಕೈಗಂಪ್ಯೂಟರ್ ಮಾರ್ತಿತ್ತು. ಅದಕ್ಕೂ ಇದೇ ಸ್ಟ್ರಾಂಗ್‌ಆರ್ಮ್ ಚಿಪ್. ಅಂಗಡೀಲಿ ಸಿಗ್ತಿದ್ದ ಐಪ್ಯಾಕ್‌ನಲ್ಲಿ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಇತ್ತು. ಆದ್ರೂ ಕಾಂಪ್ಯಾಕ್‌ನ ಸಂಶೋಧಕರೇ ಅದರ ಮೇಲೆ ಲಿನಕ್ಸ್ ಓಡಿಸಿ ತೋರಿಸಿದ್ರು, ಕೋಡನ್ನ ಎಲ್ಲರ ಮುಂದೆ ಇಟ್ರು.

ಭಾಗ 3: ಇದರಿಂದ ಅವರಿಗೇನು ಲಾಭ?

ಇದು ಬರೀ ದಾನಧರ್ಮ ಅಲ್ಲ. ನಮ್ಮ ಕಾಫಿ ಲೆಕ್ಕದಲ್ಲೇ ಹೇಳ್ತೀನಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯ್ತು. ಅಲ್ಲಿಂದ ಬಂದ ಎಸ್.795 ಅರೇಬಿಕಾ ತಳಿ ಈ ಗುಡ್ಡಗಳಲ್ಲೆಲ್ಲ ಹಬ್ಬಿತು. ಬೀಜ ಒಬ್ಬ ವ್ಯಾಪಾರಿಯ ಪೆಟ್ಟಿಗೇಲಿ ಬೀಗ ಹಾಕಿಕೊಂಡು ಕೂತಿದ್ರೆ ಇಷ್ಟು ತೋಟ ಆಗ್ತಿತ್ತಾ? ತೋಟ ಹೆಚ್ಚಾದಷ್ಟೂ ಪಲ್ಪರ್ ಮಾರೋನಿಗೆ ಗಿರಾಕಿ ಹೆಚ್ಚು. ಬೀಜ ಎಲ್ಲರದೂ ಆಗಿರೋದು ಅವನಿಗೂ ಒಳ್ಳೇದೇ.

ಚಿಪ್ ಮಾರೋ ಕಂಪನಿಯ ಲೆಕ್ಕವೂ ಇದೇ. ಸಾಫ್ಟ್‌ವೇರ್ ಇಲ್ಲದ ಚಿಪ್ ಅಂದ್ರೆ ಹಣ್ಣಿಲ್ಲದ ಊರಿನ ಪಲ್ಪರ್. ಅದಕ್ಕೇ ಇಂಟೆಲ್‌ನಂಥ ಕಂಪನಿಗಳು ಸಂಬಳ ಕೊಟ್ಟು ಎಂಜಿನಿಯರ್‌ಗಳಿಂದ ಲಿನಕ್ಸ್‌ಗೆ ಕೋಡ್ ಬರೆಸ್ತಾವೆ. ಐಬಿಎಂ 2001ರಲ್ಲಿ ಲಿನಕ್ಸ್‌ಗೆ ಅಂತಲೇ 100 ಕೋಟಿ ಡಾಲರ್ ಖರ್ಚು ಮಾಡ್ತೀನಿ ಅಂತ ಘೋಷಿಸಿತ್ತು.

ಸಿಂಪ್ಯೂಟರ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಯಂತ್ರದ ವಿನ್ಯಾಸಕ್ಕೇ ಒಂದು ಸಾರ್ವಜನಿಕ ಲೈಸೆನ್ಸ್ ಬರೆದ್ರು. ನೀವೂ ಮಾಡಿ, ಮಾರಿ, ಆದ್ರೆ ನೀವು ಮಾಡಿದ ಸುಧಾರಣೆಯನ್ನ ಕೆಲ ಕಾಲದ ನಂತರ ಎಲ್ಲರಿಗೂ ಸಿಗೋ ಹಾಗೆ ವಾಪಸ್ ಕೊಡಿ. ಅದರ ತಿರುಳು ಇಷ್ಟೇ.

ಭಾಗ 4: ಸೋತಿದ್ದು

2004ರ ಏಪ್ರಿಲ್‌ನಲ್ಲಿ ಪೈಕೋಪೆಟಾ ಕಂಪನಿ ಮತ್ತು ಸರ್ಕಾರಿ ಸ್ವಾಮ್ಯದ ಬಿಇಎಲ್ ಸೇರಿ ‘ಅಮಿಡಾ ಸಿಂಪ್ಯೂಟರ್’ ಅಂತ ಮಾರುಕಟ್ಟೆಗೆ ಬಿಟ್ರು. ಕಡಿಮೆ ಬೆಲೆಯ ಮಾದರಿಗೇ ಸುಮಾರು 10,000 ರೂಪಾಯಿ. ಬಡವರ ಕಂಪ್ಯೂಟರ್ ಅಂದುಕೊಂಡಿದ್ದು ಬಡವರ ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗ ಆಗ್ತಾ ಬಂತು. ಹತ್ತಾರು ಸಾವಿರ ಮಾರೋ ಕನಸಿತ್ತು, ಕೆಲವು ಸಾವಿರ ಮಾತ್ರ ಹೋಯ್ತು. ಇವತ್ತು ಸಿಂಪ್ಯೂಟರ್ ಹೆಸರು ಕೇಳಿದವರೇ ಅಪರೂಪ.

ಭಾಗ 5: ಉಳಿದಿದ್ದು

ಕತೆ ಇಲ್ಲಿಗೇ ಮುಗೀಲಿಲ್ಲ. ಬರಹವನ್ನ ಗಟ್ಟಿಯಾಗಿ ಓದೋಕೆ ರಮೇಶ್ ಹರಿಹರನ್ ‘ಧ್ವನಿ’ ಅನ್ನೋ ತಂತ್ರಾಂಶ ಬರೆದಿದ್ರು. ಕನ್ನಡ ಅಕ್ಷರಗಳ ಉಚ್ಚಾರಣೆಯ ಸಣ್ಣ ಸಣ್ಣ ತುಣುಕು ಜೋಡಿಸಿ ಮಾತಾಡೋ ತಂತ್ರಾಂಶ ಅದು. ಯಂತ್ರ ಮೂಲೆ ಸೇರಿದ್ರೂ ಧ್ವನಿಯ ಸೋರ್ಸ್ ಕೋಡ್ ತೆರೆದೇ ಇತ್ತು. ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನ ಕೈಗೆತ್ತಿಕೊಂಡು ಬೆಳೆಸಿದ್ರು, ಮಲಯಾಳಂ ಸೇರಿ ಇನ್ನಷ್ಟು ಭಾಷೆ ಕಲಿಸಿದ್ರು. ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ.

ಕಂಪನಿ ಓಪನ್ ಸೋರ್ಸ್‌ಗೆ ನಿಜವಾಗಿ ಸಹಾಯ ಮಾಡಿತಾ ಅಂತ ಅಳೆಯೋಕೆ ನನಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಕಾಣಲ್ಲ: ಅಂಗಡಿ ಮುಚ್ಚಿದ ಮೇಲೂ ಕೆಲಸ ಮುಂದುವರಿಸೋಕೆ ಆಗುತ್ತಾ? ನಮ್ಮ ಆಂಡ್ರಾಯ್ಡ್ ಫೋನ್ ಒಳಗೂ ಲಿನಕ್ಸೇ ಇದೆ. ಆದ್ರೆ ಎಷ್ಟೋ ಕಂಪನಿಗಳು ಕ್ಯಾಮೆರಾ, ಮೋಡೆಮ್‌ನಂಥ ಭಾಗಗಳ ಡ್ರೈವರ್‌ಗಳನ್ನ ಮುಚ್ಚಿಡ್ತಾವೆ. ಅಪ್‌ಡೇಟ್ ನಿಲ್ಲಿಸಿದ ದಿನ, ಗಟ್ಟಿಮುಟ್ಟಾಗಿರೋ ಫೋನನ್ನ ಬೇರೆಯವರು ಬದುಕಿಸೋದು ಕಷ್ಟ ಆಗುತ್ತೆ.

ಭಾಗ 6: ನಮ್ಮ ಪಾಲು

ಮೂಡಿಗೆರೆಯಲ್ಲಿ ಕಾಫಿ ಬೆಳೀತಾ, ಕತೆ ಬರೀತಾ ಇದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಓಡಾಡಿದ್ರು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಕಂಪ್ಯೂಟರ್‌ನಲ್ಲಿ ಜಾಗ ಸಿಗದ ಭಾಷೆ ಹಿಂದೆ ಬೀಳುತ್ತೆ ಅನ್ನೋ ಚಿಂತೆ ಅವರದು. 2007ರಲ್ಲಿ ಅವರು ತೀರಿಕೊಂಡ್ರು. ಚಿಂತೆ ಇನ್ನೂ ಹಳೇದಾಗಿಲ್ಲ.

ಇವತ್ತು ಫೋನ್ ಕನ್ನಡ ಮಾತಾಡುತ್ತೆ, ನಿಜ. ಆದ್ರೆ ಆ ದನಿ ಯಾರದೋ ದೂರದ ಸರ್ವರ್‌ನಲ್ಲಿದ್ದು, ನಾಳೆ ಕನ್ನಡದಿಂದ ಲಾಭ ಇಲ್ಲ ಅಂತ ನಿಲ್ಲಿಸಿದ್ರೆ ನಾವು ಏನೂ ಮಾಡೋ ಹಾಗಿಲ್ಲ. ಧ್ವನಿಯಂಥದ್ದಾದ್ರೆ ನಮ್ಮಲ್ಲೇ ಯಾರೋ ಒಬ್ಬರು ಎತ್ತಿಕೊಂಡು ಹೋಗಬಹುದು.

ಫೈನಲ್ ಇಯರ್‌ನವರೇ, ಮಾರ್ಕ್ಸ್ ಬಂದ ಮೇಲೆ ನಿಮ್ಮ ಕನ್ನಡ ಪ್ರಾಜೆಕ್ಟನ್ನ ಪೆನ್‌ಡ್ರೈವ್‌ನಲ್ಲೇ ಸಾಯೋಕೆ ಬಿಡಬೇಡಿ. ಒಂದು ಓಪನ್ ಲೈಸೆನ್ಸ್ ಹಾಕಿ, ಕೋಡ್ ಹೊರಗಿಡಿ. ಈಗ ಮಾಡ್ತಿರೋದು ಏನಾದ್ರೂ ಇದ್ರೆ ಕಾಮೆಂಟ್‌ನಲ್ಲಿ ಹೇಳಿ, ಮುಂದಿನ ಕಂತಿನಲ್ಲಿ ಸೇರಿಸ್ತೀನಿ.

#ಸಿಂಪ್ಯೂಟರ್ #ಧ್ವನಿ #ಓಪನ್‌ಸೋರ್ಸ್ #ಮೂಡಿಗೆರೆ #ಕನ್ನಡತಂತ್ರಾಂಶ